ವಿಜ್ಞಾನ ವಿದುಷಿ ಕುಮಾರಿ ಅನ್ನಾ ಮಣಿಯವರು

ಮಳೆ ಬಂದಿತೆಂದು ಯಾರು ಬೇಕಾದರೂ ಹೇಳಬಹುದು. ಎಷ್ಟು ಮಳೆ ಬಂದಿತೆಂದು ಹೇಳಬೇಕಾದರೆ ಅಳತೆಯ ಪಾತ್ರೆ ಬೇಕು. ಆ ಪಾತ್ರೆಯ ಬಾಯಿ ಗೊತ್ತಾದ ಅಗಲದ್ದಾಗಿರಬೇಕು. ನೋಡಿ ಬರೆದುಕೊಳ್ಳುವವನು ಪ್ರಾಮಾಣಿಕನಾಗಿರಬೇಕು. ಬಿಸಿಲಿಗೂ, ಗಾಳಿಗೂ, ವಾಯುಭಾರಕ್ಕೂ ಇದೇ ಮಾತು ಸಲ್ಲುತ್ತದೆ. ನಮ್ಮ ದೇಶದ ಬಾಹ್ಯಾಕಾಶ ಸಾಹಸದ ಕಥೆಯನ್ನು ಹೇಳುವಾಗ ನಾವು ಆಕಾಶಕ್ಕೇರಿದ ರಾಕೆಟ್ಟುಗಳನ್ನು ನೆನೆಯುತ್ತೇವೆ, ಅವುಗಳ ಹಿಂದೆ ನಿಂತ ವಿಕ್ರಮ ಸಾರಾಭಾಯಿ, ಸತೀಶ ಧವನ್, ಅಬ್ದುಲ್ ಕಲಾಂ ಮೊದಲಾದ ಮಹನೀಯರನ್ನು ನೆನೆಯುತ್ತೇವೆ. ಅದು ಯುಕ್ತವೇ ಸರಿ. ಆದರೆ ರಾಕೆಟ್ಟು ನೆಲವನ್ನು ಬಿಡುವುದಕ್ಕೆ ಮೊದಲು ಅದರ ಸುತ್ತಲಿನ ಗಾಳಿಯನ್ನು ಯಾರಾದರೂ ಅಳೆಯಲೇಬೇಕು. ತುಂಬಾ ಎಂಬ ಕಡಲ ತೀರದ ಹಳ್ಳಿಯಲ್ಲಿ ಆ ಅಳತೆಯ ವ್ಯವಸ್ಥೆಯನ್ನು ನಿಲ್ಲಿಸಿಕೊಟ್ಟವರು ಒಬ್ಬ ಮಹಿಳೆ. ಆಕೆ ವಿದ್ಯೆ ಕಲಿತುದು ನಮ್ಮ ಬೆಂಗಳೂರಿನಲ್ಲಿ. ಆ ಮಹಾನುಭಾವೆ ಕುಮಾರಿ ಅನ್ನಾ ಮಣಿಯವರ ಜೀವನವನ್ನು ವಿದ್ಯಾರ್ಥಿ ಮಿತ್ರರ ಮುಂದೆ ಸಂಗ್ರಹವಾಗಿ ಇಡಲು ನಾವು ಬಯಸುತ್ತೇವೆ.

ಅನ್ನಾ ಮಣಿಯವರು 1918ನೆಯ ಇಸವಿ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದರು. ಎಂಟು ಮಂದಿ ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಕಟ್ಟಡ ಮತ್ತು ರಸ್ತೆಗಳ ಕೆಲಸದ ಇಂಜಿನಿಯರರು. ಏಲಕ್ಕಿಯ ತೋಟಗಳಿದ್ದ ಅನುಕೂಲಸ್ಥ ಕ್ರೈಸ್ತ ಕುಟುಂಬ. ಆ ಮನೆಯಲ್ಲಿ ಗಂಡುಮಕ್ಕಳಿಗೆ ದೊಡ್ಡ ಹುದ್ದೆಗಳಿಗೆ ತಕ್ಕ ಶಿಕ್ಷಣವೂ, ಹೆಣ್ಣುಮಕ್ಕಳಿಗೆ ಕಾಲಕ್ಕೆ ಸರಿಯಾಗಿ ವಿವಾಹವೂ ಎಂಬುದು ನಡೆದು ಬಂದ ಪದ್ಧತಿ. ಬಾಲಕಿ ಅನ್ನಾ ಮಾತ್ರ ಪುಸ್ತಕಗಳಲ್ಲಿ ಮುಳುಗಿದಳು. ಎಂಟು ವರ್ಷ ತುಂಬುವ ಹೊತ್ತಿಗೆ ಊರಿನ ಗ್ರಂಥಾಲಯದಲ್ಲಿದ್ದ ಮಲೆಯಾಳ ಪುಸ್ತಕಗಳನ್ನು ಬಹುಮಟ್ಟಿಗೆ ಓದಿ ಮುಗಿಸಿದ್ದಳು. ಹನ್ನೆರಡರ ವೇಳೆಗೆ ಇಂಗ್ಲಿಷ್ ಪುಸ್ತಕಗಳೂ ಮುಗಿದಿದ್ದವು. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ಸಂಪ್ರದಾಯದಂತೆ ವಜ್ರದ ಓಲೆಗಳನ್ನು ಕೊಡಹೋದಾಗ ಅವಳು ಅವನ್ನು ಬೇಡವೆಂದು, ಬದಲಾಗಿ ಬ್ರಿಟಾನಿಕ ವಿಶ್ವಕೋಶದ ಸಂಪುಟಗಳನ್ನು ಕೇಳಿ ಪಡೆದಳು. ವಜ್ರವನ್ನು ಒಲ್ಲೆನೆಂದ ಈ ಬಾಲಕಿಯೇ ಮುಂದೆ ಹಲವು ವರ್ಷಗಳನ್ನು ವಜ್ರಗಳ ನಡುವೆ ಕಳೆಯಬೇಕಾಯಿತೆಂಬುದು ಸ್ವಾರಸ್ಯದ ಸಂಗತಿ. ಅದರ ವೃತ್ತಾಂತವನ್ನು ಮುಂದೆ ಹೇಳುತ್ತೇವೆ.

ಅದೇ ಕಾಲದಲ್ಲಿ ವೈಕಂ ಎಂಬ ಊರಿನಲ್ಲಿ ದೇವಾಲಯದ ಸುತ್ತಲಿನ ಬೀದಿಗಳಲ್ಲಿ ಎಲ್ಲ ಜಾತಿಯವರೂ ನಡೆಯಲು ಅವಕಾಶವಿರಬೇಕೆಂದು 1924ರಿಂದ ಸತ್ಯಾಗ್ರಹ ನಡೆಯುತ್ತಿತ್ತು. 1925ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದರು. ಆ ಚಳವಳಿಯ ಪ್ರಭಾವ ಎಳೆಯ ಮನಸ್ಸಿನ ಮೇಲೆ ಆಳವಾಗಿ ಮೂಡಿತು. ಅನ್ನಾ ಖಾದಿಯನ್ನು ಉಡತೊಡಗಿದರು. ಸ್ವದೇಶಿ ಎಂಬುದು ಅವರ ಪಾಲಿಗೆ ಉಡಿಗೆಯಲ್ಲಿ ಆರಂಭವಾಗಿ ಮುಂದೆ ವೃತ್ತಿಯ ಸೂತ್ರವೇ ಆಯಿತು. ಅಕ್ಕಂದಿರು ಎಳೆಯ ವಯಸ್ಸಿನಲ್ಲಿಯೇ ಮದುವೆಯಾಗಿ ಹೋದರು. ಅನ್ನಾ ತಾವು ಓದಬೇಕೆಂದರು. ಮನೆಯವರು ತಡೆಯಲಿಲ್ಲ, ಬಹಳವಾಗಿ ಉತ್ತೇಜಿಸಲೂ ಇಲ್ಲ. ಮದರಾಸಿಗೆ ಹೋಗಿ ಓದಿ 1939ರಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಪಡೆದರು.

ಆ ದಿನಗಳಲ್ಲಿ ವಿಜ್ಞಾನದ ಸಂಶೋಧನೆಗೆ ಹೆಣ್ಣುಮಕ್ಕಳು ಬರುವುದೆಂದರೆ ಎಷ್ಟು ದುಸ್ತರವಾಗಿತ್ತೆಂಬುದನ್ನು ಇಂದಿನ ವಿದ್ಯಾರ್ಥಿನಿಯರು ಊಹಿಸಲಾರರು. 1933ರಲ್ಲಿ ಕಮಲಾ ಭಾಗವತ್ ಎಂಬ ಮೇಧಾವಿನಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿದ್ಯಾಮಂದಿರದಲ್ಲಿ, ಪ್ರವೇಶವನ್ನು ಕೇಳಿದಾಗ ಅದರ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಮೊದಲು ನಿರಾಕರಿಸಿ, ಆಕೆ ಪಟ್ಟು ಬಿಡದಿರಲು ಒಂದು ವರ್ಷದ ಪರೀಕ್ಷೆಯ ಮೇಲೆ ಸೇರಿಸಿಕೊಂಡಿದ್ದರು. ಆಕೆ ಗೆದ್ದರು, ಹಿಂದೆ ಬರುವವರಿಗೆ ಬಾಗಿಲು ತೆರೆಯಿತು. 1940ರಲ್ಲಿ ವಿದ್ಯಾರ್ಥಿವೇತನದೊಡನೆ ಅನ್ನಾ ಮಣಿಯವರು ಆ ಬಾಗಿಲಿನಿಂದಲೇ ಒಳಗೆ ಬಂದು ರಾಮನ್ನರ ಪ್ರಯೋಗಶಾಲೆಯನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾರಣ ಕೇಂಬ್ರಿಜ್ಜಿನಿಂದ ಮರಳಿ ಬಂದಿದ್ದ ಅಹಮದಾಬಾದಿನ ಗಿರಣಿ ಮಾಲೀಕರ ಮಗ, ತರುಣ ವಿಕ್ರಮ ಸಾರಾಭಾಯಿಯವರೂ ಆಗ ಅದೇ ವಿಭಾಗದಲ್ಲಿ ರಾಮನ್ನರ ಆಶ್ರಯದಲ್ಲಿ ವಿಶ್ವಕಿರಣಗಳನ್ನು ಅಭ್ಯಸಿಸುತ್ತಿದ್ದರು. ಇಬ್ಬರ ದಾರಿಗಳೂ ಇಪ್ಪತ್ತು ವರ್ಷಗಳ ಅನಂತರ ಮತ್ತೆ ಕೂಡಲಿದ್ದವು.

ರಾಮನ್ನರಿಗೆ ಆ ಕಾಲದಲ್ಲಿ ವಜ್ರಗಳ ಮೇಲೆ ಅಪಾರವಾದ ಮೋಹ. ಭಾರತದಿಂದಲೂ ಆಫ್ರಿಕದಿಂದಲೂ ತರಿಸಿದ ಸುಮಾರು 300 ವಜ್ರಗಳು ಅವರಲ್ಲಿದ್ದವು. ಶಿಷ್ಯರಿಗೆಲ್ಲ ವಜ್ರದ ಒಂದಲ್ಲ ಒಂದು ಗುಣವನ್ನು ಪರಿಶೀಲಿಸುವ ಕೆಲಸ. ಅನ್ನಾ ಮಣಿಯವರಿಗೆ ಬಂದುದು ವಜ್ರ ಮತ್ತು ಮಾಣಿಕ್ಯಗಳು ಬೆಳಕನ್ನು ಹೀರಿ ಮತ್ತೆ ಹೊರಸೂಸುವ ಕ್ರಿಯೆ. ಮೂವತ್ತಕ್ಕೂ ಹೆಚ್ಚು ವಜ್ರಗಳ ವರ್ಣಪಟಲಗಳನ್ನು ಅವರು ಒಂದೊಂದಾಗಿ ದಾಖಲೆ ಮಾಡಿದರು. ಕೆಲಸ ಸುಲಭದ್ದಲ್ಲ. ಹರಳನ್ನು ದ್ರವವಾಯುವಿನಷ್ಟು ತಣ್ಣಗಿಡಬೇಕು. ಅದು ಸೂಸುವ ಬೆಳಕು ಎಷ್ಟು ಕ್ಷೀಣವೆಂದರೆ ಛಾಯಾಫಲಕದ ಮೇಲೆ ಅದು ಮೂಡಲು ಕೆಲವು ಸಲ 15ರಿಂದ 20 ಗಂಟೆಗಳ ಕಾಲ ಕಾಯಬೇಕು. ಎಷ್ಟೋ ರಾತ್ರಿಗಳನ್ನು ಅವರು ಪ್ರಯೋಗಶಾಲೆಯಲ್ಲಿಯೇ ಕಳೆದರು. ಸಹಪಾಠಿಗಳಾದ ಗಂಡಸರೊಡನೆ ಸಲುಗೆಯಿಂದ ಚರ್ಚಿಸಿ ವಿಷಯವನ್ನು ತಿಳಿದುಕೊಳ್ಳುವುದಕ್ಕೆ ಅಲ್ಲಿನ ಹೆಣ್ಣುಮಕ್ಕಳಿಗೆ ಅವಕಾಶ ಕಡಿಮೆ. ಆದುದರಿಂದ ಬಹುಮಟ್ಟಿಗೆ ತಮ್ಮ ಬುದ್ಧಿಯೇ ತಮಗೆ ಗುರು. ಹೀಗಿದ್ದರೂ 1942ರಿಂದ 1945ರವರೆಗೆ ಅವರೊಬ್ಬರೇ ಬರೆದ ಐದು ಸಂಶೋಧನ ಲೇಖನಗಳು ಪ್ರಕಟವಾದವು.

1945ರ ಆಗಸ್ಟ್ ತಿಂಗಳಲ್ಲಿ ಅವರು ತಮ್ಮ ಪ್ರೌಢಪ್ರಬಂಧವನ್ನು ಡಾಕ್ಟರ್ ಪದವಿಗಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಬೆಂಗಳೂರಿನಲ್ಲಿ ನಡೆದ ಸಂಶೋಧನೆಗೆ ಪದವಿಯನ್ನು ಕೊಡುವ ಅಧಿಕಾರ ಆಗ ಅಲ್ಲಿತ್ತು. ಅವರಿಗೆ ಎಂ.ಎಸ್‌ಸಿ. ಪದವಿಯಿಲ್ಲ, ಆದುದರಿಂದ ಡಾಕ್ಟರ್ ಪದವಿಯನ್ನು ಕೊಡಲಾಗದೆಂದು ವಿಶ್ವವಿದ್ಯಾನಿಲಯ ತೀರ್ಮಾನಿಸಿತು. ಆನರ್ಸ್ ಪದವಿಯ ಬಲದ ಮೇಲೆಯೇ ಸಂಶೋಧನೆಯ ವಿದ್ಯಾರ್ಥಿವೇತನ ದೊರೆತಿತ್ತೆಂಬುದಾಗಲಿ, ಕೆಲಸವು ಆಗಲೇ ವಿದ್ವಾಂಸರ ಪತ್ರಿಕೆಗಳಲ್ಲಿ ಅಚ್ಚಾಗಿತ್ತೆಂಬುದಾಗಲಿ ಗಣನೆಗೆ ಬರಲಿಲ್ಲ. ಐದು ವರ್ಷಗಳ ರಾತ್ರಿ ಹಗಲಿನ ದುಡಿಮೆಗೆ ನಿಯಮದ ಒಂದು ಸಾಲು ಅಡ್ಡ ನಿಂತಿತು. ಆ ಪ್ರಬಂಧ ಇತರ ಶಿಷ್ಯರ ಪ್ರಬಂಧಗಳೊಡನೆ ರಟ್ಟು ಕಟ್ಟಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ. ಅನ್ನಾ ಮಣಿಯವರು ಕೊನೆಯವರೆಗೂ ಡಾಕ್ಟರ್ ಎನಿಸಿಕೊಳ್ಳಲಿಲ್ಲ. ಅದಕ್ಕಾಗಿ ಅವರು ಕಹಿಯನ್ನೂ ಕಟ್ಟಿಕೊಳ್ಳಲಿಲ್ಲ. ಪದವಿಯಿಲ್ಲದಿರುವುದು ತಮ್ಮ ಕೆಲಸಕ್ಕೆ ಅಡ್ಡಿಯಾಗಲಿಲ್ಲವೆಂಬುದು ಅವರ ಭಾವನೆಯಾಗಿತ್ತು. ಅನ್ಯಾಯ ಅನ್ಯಾಯವೇ, ಆದರೆ ಅದನ್ನು ದಾಟಿ ಹೋಗುವ ಶಕ್ತಿ ಅವರಲ್ಲಿತ್ತೆಂದು ನಾವು ಹೇಳಬೇಕು.

ಅದೇ ವರ್ಷ ಸರಕಾರದ ವಿದ್ಯಾರ್ಥಿವೇತನ ದೊರೆತು, ಸೈನಿಕರನ್ನು ಸಾಗಿಸುವ ಹಡಗೊಂದರಲ್ಲಿ ಇಂಗ್ಲೆಂಡಿಗೆ ತೆರಳಿದರು. ಭೌತವಿಜ್ಞಾನದಲ್ಲಿ ಸಂಶೋಧನೆಯನ್ನು ಮುಂದುವರಿಸಬೇಕೆಂಬುದು ಅವರ ಆಸೆ. ಆದರೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ದೊರೆಯಬಹುದಾಗಿದ್ದುದು ಹವಾಮಾನದ ಉಪಕರಣಗಳ ಶಿಕ್ಷಣ ಒಂದೇ. ಅವರು ಅದನ್ನೇ ಒಪ್ಪಿಕೊಂಡರು. ಬಯಸಿದ್ದು ಸಿಕ್ಕದಾಗ ಸಿಕ್ಕಿದ್ದನ್ನು ಬಯಸಿದ್ದಕ್ಕಿಂತ ದೊಡ್ಡದಾಗಿ ಮಾಡಿಕೊಳ್ಳುವವರು ವಿರಳ. ವಜ್ರದ ಸೂಕ್ಷ್ಮ ಬೆಳಕನ್ನು ಹಿಡಿಯಲು ಕಲಿತ ಕೈಗಳು ಈಗ ಉಷ್ಣಮಾಪಕವನ್ನೂ ವಾಯುಭಾರಮಾಪಕವನ್ನೂ ಬಿಚ್ಚಿ ಜೋಡಿಸಲು ಕಲಿತವು.

1948ರಲ್ಲಿ ಅವರು ಸ್ವತಂತ್ರ ಭಾರತಕ್ಕೆ ಮರಳಿ, ಪುಣೆಯಲ್ಲಿದ್ದ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು. ನಮ್ಮ ಹವಾಮಾನ ಇಲಾಖೆ 1875ರಲ್ಲಿಯೇ ಸ್ಥಾಪಿತವಾದದ್ದು. ಆದರೂ ಮಳೆಮಾಪಕ, ಉಷ್ಣಮಾಪಕಗಳಂಥ ಸರಳ ಸಾಧನಗಳು ಸಹ ಸ್ವಾತಂತ್ರ್ಯದವರೆಗೆ ಬ್ರಿಟನ್ನಿನಿಂದ ಬರಬೇಕಾಗಿತ್ತು. ಮುಂಗಾರಿನ ಮೇಲೆ ಬಾಳುವ ದೇಶಕ್ಕೆ ತನ್ನ ಮಳೆಯನ್ನು ಅಳೆಯುವ ಪಾತ್ರೆ ಕೂಡ ಪರದೇಶದ್ದು! ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಪಿ. ವೆಂಕಟೇಶ್ವರನ್ ಅವರು ಈ ಪರಾವಲಂಬನೆಯನ್ನು ಕೊನೆಗಾಣಿಸಲು ಒಂದು ಕಾರ್ಯಾಗಾರವನ್ನು ಕಟ್ಟುತ್ತಿದ್ದರು. ಖಾದಿಯುಟ್ಟ ಅನ್ನಾ ಮಣಿಯವರಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಬೇರೊಂದಿರಲಿಲ್ಲ. 1953ರಲ್ಲಿ ವಿಭಾಗದ ಹೊಣೆ ಅವರ ಮೇಲೆಯೇ ಬಿದ್ದಿತು. ಅವರ ಕೈಕೆಳಗೆ ಆಗ ದುಡಿಯುತ್ತಿದ್ದವರು 121 ಮಂದಿ, ಎಲ್ಲರೂ ಗಂಡಸರು. ಸುಮಾರು 100 ಬಗೆಯ ಉಪಕರಣಗಳಿಗೆ ಅವರು ನಿಷ್ಕೃಷ್ಟವಾದ ನಕ್ಷೆಗಳನ್ನು ಸಿದ್ಧಪಡಿಸಿಸಿ, ಒಂದೇ ಮಾದರಿಯಲ್ಲಿ ತಯಾರಿಕೆಯನ್ನು ಆರಂಭಿಸಿದರು. ಒಂದೇ ಮಾದರಿ ಏಕೆ ಬೇಕೆಂಬುದನ್ನು ನಾವು ಗಮನಿಸಬೇಕು. ಮಂಗಳೂರಿನ ಉಷ್ಣಮಾಪಕವೂ ಸೂರತ್ತಿನ ಉಷ್ಣಮಾಪಕವೂ ಒಂದೇ ಅಳತೆಗೆ ಹೊಂದದಿದ್ದರೆ ಎರಡು ಊರುಗಳ ಸೆಕೆಯನ್ನು ಹೋಲಿಸುವುದು ವ್ಯರ್ಥ; ಆ ಅಂಕಿಗಳ ಮೇಲೆ ಕಟ್ಟಿದ ಮುನ್ಸೂಚನೆಯೂ ವ್ಯರ್ಥ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂಬುದು ಅವರ ದೃಢವಾದ ನಂಬಿಕೆ.

1957ರ ಜುಲೈಯಿಂದ 1958ರ ಡಿಸೆಂಬರ್‌ವರೆಗೆ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಸೇರಿ ಆಚರಿಸಿದರು. ಮನುಷ್ಯನು ನಿರ್ಮಿಸಿದ ಮೊದಲ ಉಪಗ್ರಹ ಸ್ಪುಟ್ನಿಕ್ ಮೇಲೇರಿದುದು ಇದೇ ಅವಧಿಯಲ್ಲಿ, 1957ರ ಅಕ್ಟೋಬರ್ 4ರಂದು. ಆಗ ಅನ್ನಾ ಮಣಿಯವರು ಭಾರತದಲ್ಲಿ ಬಿಸಿಲನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ಬಿಸಿಲನ್ನು ಅಳೆಯುವುದು ಹೇಗೆ? ಕಪ್ಪು ಬಳಿದ ಫಲಕವೊಂದನ್ನು ಗಾಜಿನ ಗುಮ್ಮಟದ ಕೆಳಗೆ ಇಡುತ್ತಾರೆ. ಬಿಸಿಲು ಬಿದ್ದಂತೆ ಅದು ಕಾಯುತ್ತದೆ. ಆ ಕಾವಿನಿಂದ ಲೋಹದ ತಂತಿಗಳ ಬೆಸುಗೆಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ಆ ವಿದ್ಯುತ್ತಿನಿಂದ ಬಿಸಿಲಿನ ಪ್ರಮಾಣವನ್ನು ತಿಳಿಯುತ್ತಾರೆ. ಮೊದಮೊದಲು ಹೊರದೇಶಗಳ ಉಪಕರಣಗಳನ್ನು ಬಳಸಿ, ಬಳಿಕ ಅವನ್ನು ಇಲ್ಲಿಯೇ ರಚಿಸುವ ಏರ್ಪಾಟನ್ನು ಅವರು ಮಾಡಿದರು.

ಇನ್ನು ಓಜೋನಿನ ವಿಷಯ. ಈ ಅನಿಲದ ಪದರವು ವಾಯುಮಂಡಲದ ಎತ್ತರದಲ್ಲಿದ್ದು ಸೂರ್ಯನ ಅತಿನೇರಿಳೆ ಕಿರಣಗಳಿಂದ ಜೀವಕೋಟಿಯನ್ನು ಕಾಪಾಡುತ್ತಿದೆ. ಭಾರತದಲ್ಲಿ ಇದರ ಅಧ್ಯಯನಕ್ಕೆ ಪೀಠವಾಗಿದ್ದ ಸ್ಥಳ ಗುಜರಾತಿನ ಅಹಮದಾಬಾದು. ಅಲ್ಲಿ 1947ರಲ್ಲಿ ಸಾರಾಭಾಯಿಯವರು ಭೌತ ಸಂಶೋಧನಾಲಯವನ್ನು ಸ್ಥಾಪಿಸಿದ್ದರು. ಅದರ ಕಟ್ಟಡಕ್ಕೆ 1952ರಲ್ಲಿ ಶಂಕುಸ್ಥಾಪನೆ ಮಾಡಿದವರು ರಾಮನ್ನರು; ಅದರ ಮೊದಲ ನಿರ್ದೇಶಕರು ರಾಮನ್ನರ ಹಿರಿಯ ಶಿಷ್ಯರೂ ಹವಾಮಾನ ಇಲಾಖೆಯಲ್ಲಿ ದುಡಿದು ನಿವೃತ್ತರಾದವರೂ ಆದ ಕೆ. ಆರ್. ರಾಮನಾಥನ್ನರು. ನೆಲದ ಮೇಲೆ ನಿಂತು ಸೂರ್ಯನ ಬೆಳಕನ್ನು ವಿಶ್ಲೇಷಿಸಿ ಮೇಲಿರುವ ಓಜೋನನ್ನು ಲೆಕ್ಕ ಹಾಕುವ ವಿದ್ಯೆಯಲ್ಲಿ ಅವರು ಜಗತ್ಪ್ರಸಿದ್ಧರು. ಅನ್ನಾ ಮಣಿಯವರು ಅದಕ್ಕೆ ಪೂರಕವಾಗಿ, 1960ರ ದಶಕದಲ್ಲಿ, ಬೆಲೂನಿಗೆ ಕಟ್ಟಿ ಮೇಲಕ್ಕೆ ಕಳುಹಿಸಬಹುದಾದ ಓಜೋನ್‌ಮಾಪಕವನ್ನು ಭಾರತದಲ್ಲಿಯೇ ರೂಪಿಸಿದರು. ಒಂದು ಪುಟ್ಟ ಪಂಪು ಹೊರಗಿನ ಗಾಳಿಯನ್ನು ರಾಸಾಯನಿಕ ದ್ರಾವಣದೊಳಕ್ಕೆ ಊದುತ್ತದೆ. ಗಾಳಿಯಲ್ಲಿ ಓಜೋನ್ ಇದ್ದಷ್ಟಕ್ಕೆ ಅಯೋಡಿನ್ ಬಿಡುಗಡೆಯಾಗಿ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ. ರೇಡಿಯೋ ಆ ಸುದ್ದಿಯನ್ನು ಕೆಳಗೆ ಮುಟ್ಟಿಸುತ್ತದೆ. ಅಂಟಾರ್ಕ್ಟಿಕದ ಮೇಲೆ ಓಜೋನ್ ಪದರ ತೆಳುವಾಗುತ್ತಿರುವ ವಾರ್ತೆ 1985ರಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿತು. ಅದಕ್ಕಿಂತ ಬಹಳ ಮೊದಲೇ ಭಾರತಕ್ಕೆ ತನ್ನದೇ ಆದ ಓಜೋನ್ ಅಳತೆಗಳಿದ್ದವು. ಅಂತರರಾಷ್ಟ್ರೀಯ ಓಜೋನ್ ಆಯೋಗದ ಸದಸ್ಯತ್ವವೂ ಅನ್ನಾ ಮಣಿಯವರಿಗೆ ದೊರೆಯಿತು.

ಈಗ ತುಂಬಾದ ಪ್ರಸಂಗಕ್ಕೆ ಬರೋಣ. 1962ರಲ್ಲಿ ಭಾರತ ಸರಕಾರವು ಸಾರಾಭಾಯಿಯವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ರಾಷ್ಟ್ರೀಯ ಸಮಿತಿಯೊಂದನ್ನು ನೇಮಿಸಿತು. ಭೂಮಿಯ ಕಾಂತೀಯ ಸಮಭಾಜಕ ರೇಖೆಯು ತಿರುವನಂತಪುರದ ಬಳಿಯ ತುಂಬಾದ ಸಮೀಪದಲ್ಲಿ ಹಾಯುತ್ತಿದ್ದುದರಿಂದ ಮೇಲಣ ವಾಯುಮಂಡಲದ ಅಧ್ಯಯನಕ್ಕೆ ಅದು ಪ್ರಶಸ್ತವಾದ ಸ್ಥಳವಾಗಿತ್ತು. ಬೆಸ್ತರ ಹಳ್ಳಿ, ಒಂದು ಇಗರ್ಜಿ ಮತ್ತು ಅದಕ್ಕೆ ಸೇರಿದ ಮನೆಗಳೇ ಮೊದಲ ಪ್ರಯೋಗಶಾಲೆಗಳಾದವು. 1963ರ ನವೆಂಬರ್ 21ರ ಸಂಜೆ ಅಮೆರಿಕದಿಂದ ಬಂದ ನೈಕ್ ಅಪಾಚೆ ಎಂಬ ರಾಕೆಟ್ಟು ಅಲ್ಲಿಂದ ಮೊದಲಾಗಿ ಹಾರಿತು. ಇಂಥ ರಾಕೆಟ್ಟುಗಳಿಗೆ ದಾರಿ ತಿದ್ದುವ ಚುಕ್ಕಾಣಿಯಿರುವುದಿಲ್ಲ. ಹಾರುವ ಮೊದಲ ಕ್ಷಣಗಳಲ್ಲಿ ವೇಗವಿನ್ನೂ ಕಡಿಮೆಯಿರುವುದರಿಂದ ನೆಲದ ಹತ್ತಿರದ ಗಾಳಿ ಅವನ್ನು ಬಲವಾಗಿ ಪೀಡಿಸುತ್ತದೆ; ರೆಕ್ಕೆಗಳಿಗೆ ಗಾಳಿ ತಾಗಿ ರಾಕೆಟ್ಟಿನ ಮೂತಿ ಗಾಳಿ ಬರುವ ದಿಕ್ಕಿಗೆ ತಿರುಗುತ್ತದೆ. ಲೆಕ್ಕ ತಪ್ಪಿದರೆ ಕಡಲಿನಲ್ಲಿ ಬೀಳಬೇಕಾದುದು ನೆಲದ ಕಡೆಗೆ ಹೊರಳೀತು. ಸುತ್ತಲೂ ಬೆಸ್ತರ ಗುಡಿಸಲುಗಳು. ಆದುದರಿಂದ ಬೇರೆ ಬೇರೆ ಎತ್ತರಗಳಲ್ಲಿ ಗಾಳಿಯ ವೇಗವನ್ನೂ ದಿಕ್ಕನ್ನೂ ಅಳೆದು, ಹಾರಿಸುವ ಕಂಬದ ಓರೆಯನ್ನು ಅದಕ್ಕನುಗುಣವಾಗಿ ತಿದ್ದಬೇಕು. ಸಾರಾಭಾಯಿಯವರು ಈ ಕಾರ್ಯಕ್ಕೆ ತಮ್ಮೊಡನೆ ಬೆಂಗಳೂರಿನಲ್ಲಿ ಕಲಿತ ಅನ್ನಾ ಮಣಿಯವರನ್ನೇ ಕೋರಿದರು. ಅವರು ಅಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣಗಳನ್ನು ಹೊತ್ತ ಗೋಪುರವನ್ನೂ ಯಶಸ್ವಿಯಾಗಿ ಸ್ಥಾಪಿಸಿದರು. ರಾಕೆಟ್ಟು ಹಾರಿದುದನ್ನು ಲೋಕವೆಲ್ಲ ಕಂಡಿತು; ಗೋಪುರದ ಮೇಲೆ ತಿರುಗುತ್ತಿದ್ದ ಗಾಳಿಬಟ್ಟಲುಗಳನ್ನು ಕಂಡವರು ಕೆಲವರೇ.

1969ರಲ್ಲಿ ಅವರು ದೆಹಲಿಗೆ ಹೋಗಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕರಾದರು, 1976ರಲ್ಲಿ ನಿವೃತ್ತರಾದರು. ನಿವೃತ್ತಿ ಎಂಬ ಪದ ಅವರಿಗೆ ಅಷ್ಟಾಗಿ ಸಲ್ಲದು. ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿದ್ದು, ಭಾರತದ ಬಿಸಿಲಿನ ಅಂಕಿ ಅಂಶಗಳನ್ನು ಕುರಿತ ಎರಡು ಗ್ರಂಥಗಳನ್ನು 1980 ಮತ್ತು 1981ರಲ್ಲಿ ಹೊರತಂದರು. ಬಳಿಕ ಗಾಳಿಯ ಕಡೆಗೆ ತಿರುಗಿದರು. ಗಾಳಿಯಿಂದ ವಿದ್ಯುತ್ತನ್ನು ತೆಗೆಯಬೇಕಾದರೆ ಅಳತೆ ಎಷ್ಟು ಮುಖ್ಯವೆಂಬುದಕ್ಕೆ ಗಣಿತವೇ ಸಾಕ್ಷಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಬರೆದರೆ ಶಕ್ತಿಯ ಲೆಕ್ಕ ನೂರಕ್ಕೆ ಮೂವತ್ತಮೂರರಷ್ಟು ತಪ್ಪುತ್ತದೆ. ದೇಶದ ನಾನಾ ಭಾಗಗಳಲ್ಲಿ 700ಕ್ಕೂ ಹೆಚ್ಚು ಸ್ಥಳಗಳಲ್ಲಿ ಗಾಳಿಯನ್ನು ಅಳೆಯುವ ಮಹಾಕಾರ್ಯದಲ್ಲಿ ಅವರು ತೊಡಗಿದರು. ಗಾಳಿಯ ವೇಗವನ್ನೂ ಸೌರಶಕ್ತಿಯನ್ನೂ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ಬೆಂಗಳೂರಿನಲ್ಲಿ ನಡೆಸಿದರು. ಇಂದು ಕಚ್ಛ, ಸೌರಾಷ್ಟ್ರಗಳಲ್ಲಿಯೂ ನಮ್ಮ ಚಿತ್ರದುರ್ಗ, ಗದಗುಗಳ ಗುಡ್ಡಗಳ ಮೇಲೆಯೂ ಗಾಳಿಯಂತ್ರಗಳು ತಿರುಗುತ್ತಿವೆ. ಗುಜರಾತಿನ ಚಾರಂಕಾದಲ್ಲಿಯೂ ನಮ್ಮ ಪಾವಗಡದಲ್ಲಿಯೂ ಸೌರಫಲಕಗಳು ಹಾಸಿಕೊಂಡಿವೆ. ಬಿಸಿಲು, ಗಾಳಿಗಳು ಸಂಪತ್ತೆಂದು ಬಹುಜನರಿಗೆ ತೋರುವ ಮೊದಲೇ ಅವನ್ನು ಎಣಿಸಿಟ್ಟವರಲ್ಲಿ ಅನ್ನಾ ಮಣಿಯವರು ಅಗ್ರಗಣ್ಯರು. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಅವರಿಗೆ ಕೊಟ್ಟ ಪದಕ ಅಹಮದಾಬಾದಿನ ಆ ಕೆ. ಆರ್. ರಾಮನಾಥನ್ನರ ಹೆಸರಿನದೇ ಆಗಿತ್ತು.

ಅವರು ವಿವಾಹವಾಗಲಿಲ್ಲ. ಬೆಟ್ಟಗಳನ್ನು ಹತ್ತುವುದು, ಹಕ್ಕಿಗಳನ್ನು ನೋಡುವುದು, ಪುಸ್ತಕಗಳನ್ನು ಓದುವುದು ಅವರ ವಿರಾಮದ ಸಂಗಾತಿಗಳು. 1994ರಲ್ಲಿ ಪಾರ್ಶ್ವವಾಯು ಬಡಿದು ಅವರ ನಡೆದಾಟವನ್ನು ಕಸಿದುಕೊಂಡಿತು. 2001ರ ಆಗಸ್ಟ್ 16ರಂದು, ಎಂಬತ್ತಮೂರು ತುಂಬಲು ಒಂದು ವಾರವಿದ್ದಾಗ, ತಿರುವನಂತಪುರದಲ್ಲಿ ಅವರು ದೇಹವನ್ನು ಬಿಟ್ಟರು.

ಅವರು ನಡೆದ ದಾರಿಯಲ್ಲಿ ಈಗ ಅನೇಕರು ನಡೆಯುತ್ತಿದ್ದಾರೆ. ಬೆಂಗಳೂರಿನಲ್ಲಿಯೇ ಹುಟ್ಟಿ ಇಲ್ಲಿನ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಟಿ. ಕೆ. ಅನುರಾಧಾ ಅವರು 2011ರಲ್ಲಿ ಹಾರಿದ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕರಾಗಿದ್ದರು. 2019ರ ಚಂದ್ರಯಾನ-2ರ ಯೋಜನೆಯನ್ನು ಎಂ. ವನಿತಾ ಅವರು ನಡೆಸಿದರು. 2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ಅಭ್ಯಸಿಸಲು ಹೊರಟ ಆದಿತ್ಯ-ಎಲ್1 ನೌಕೆಯ ಯೋಜನಾ ನಿರ್ದೇಶಕರು ನಿಗಾರ್ ಶಾಜಿ. ಅದರಲ್ಲಿನ ಒಂದು ಉಪಕರಣ ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಸಿದ್ಧವಾದದ್ದು. ಮೋಡಗಳ ಚಿತ್ರಗಳನ್ನು ಕಳುಹಿಸುವ ಇನ್‌ಸ್ಯಾಟ್ ಉಪಗ್ರಹಗಳ ಕಣ್ಣುಗಳೂ ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ರಚನೆಗಳೇ. ಇಂದು ಮುಂಗಾರಿನ ವಾರ್ತೆಯನ್ನು ನಾವು ಕೇಳುವಾಗ ಅದರ ಹಿಂದೆ ಸ್ವದೇಶದ ಉಪಕರಣಗಳಿವೆಯೆಂದರೆ, ಆ ಪರಂಪರೆಯ ಬುನಾದಿಯಲ್ಲಿ ಪುಣೆಯ ಆ ಕಾರ್ಯಾಗಾರವೂ ಸೇರಿದೆಯೆಂಬುದನ್ನು ಮರೆಯಲಾಗದು.

ವಿದ್ಯಾರ್ಥಿ ಮಿತ್ರರೇ, ಈ ಜೀವನದಿಂದ ನಾವು ಕಲಿಯಬೇಕಾದುದೇನು? ನಮ್ಮ ಪ್ರಯೋಗಶಾಲೆಯಲ್ಲಿ ಉತ್ತರ ಇಷ್ಟು ಬರಬೇಕೆಂದು ಮೊದಲೇ ತಿಳಿದು, ಅಂಕಿಗಳನ್ನು ಅದಕ್ಕೆ ಹೊಂದಿಸಿ ಬರೆಯುವ ಆಸೆ ಯಾರಿಗಾದರೂ ಹುಟ್ಟಬಹುದು. ಪಕ್ಕದವನ ಪುಸ್ತಕವನ್ನು ನೋಡಿ ಬರೆದರೆ ಅಂಕಗಳೂ ದೊರೆಯಬಹುದು. ಅಂಥ ಅಂಕಿಗಳನ್ನು ನಂಬಿ ತುಂಬಾದಲ್ಲಿ ರಾಕೆಟ್ಟನ್ನು ಹಾರಿಸಿದ್ದರೆ ಅದು ಯಾರ ಮನೆಯ ಮೇಲೆ ಬೀಳುತ್ತಿತ್ತು ಎಂದು ಯೋಚಿಸಿರಿ. ಕಂಡದ್ದನ್ನು ಕಂಡಂತೆ ಬರೆಯುವುದು ಸಣ್ಣ ಕೆಲಸವೆಂದು ತೋರುತ್ತದೆ. ಅನ್ನಾ ಮಣಿಯವರು ಅದನ್ನೇ ಜೀವಮಾನದ ವ್ರತವಾಗಿ ಹಿಡಿದು, ಪದವಿಯಿಲ್ಲದೆಯೂ ಆಚಾರ್ಯರಾದರು. ನಮ್ಮ ಶಾಲೆಯ ಬಾಲಕ ಬಾಲಕಿಯರು ಉಷ್ಣಮಾಪಕವನ್ನು ಕೈಗೆತ್ತಿಕೊಳ್ಳುವಾಗ ಒಮ್ಮೆ ಅವರನ್ನು ಸ್ಮರಿಸಿ, ಪಾದರಸವು ತೋರಿದುದನ್ನೇ ಬರೆಯಲೆಂದು ನಾವು ಹಾರೈಸುತ್ತೇವೆ.